ಡ್ಯಾಶ್‌ಹೌಂಡ್ ಬೆನ್ನು ಮತ್ತೆ ಮತ್ತೆ ಹಿಡಿದುಕೊಂಡರೆ: ಮನೆಯಲ್ಲಿ ಏನು ಮಾಡಬೇಕು, ಯಾವಾಗ ಓಡಬೇಕು

"ನಿನ್ನೆ ರಾತ್ರಿ ಚೆನ್ನಾಗೇ ಇತ್ತು, ಬೆಳಿಗ್ಗೆ ಎದ್ದು ನೋಡಿದರೆ ಹಿಂಗಾಲು ಎಳೆದುಕೊಂಡು ಬರ್ತಿದೆ, ಏನು ಮಾಡಲಿ?" ದಾವಣಗೆರೆಯಲ್ಲಿ ಡ್ಯಾಶ್‌ಹೌಂಡ್, ಅಂದರೆ ಗಿಡ್ಡ ಕಾಲು ಉದ್ದ ಬೆನ್ನಿನ ನಾಯಿ, ಸಾಕಿದವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಇದನ್ನೇ. ಇನ್ನೊಂದು ಪ್ರಶ್ನೆ: "ಹೋದ ವರ್ಷ ಇಂಜೆಕ್ಷನ್ ಕೊಡಿಸಿದ್ವಿ, ಸರಿಹೋಗಿತ್ತು, ಮತ್ತೆ ಯಾಕೆ ಬಂತು?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಮ್ಮ ಡ್ಯಾಶ್‌ಹೌಂಡ್ ಚಿನ್ನಿಗೆ ಈ ಬೆನ್ನಿನ ತೊಂದರೆ ಮೂರು ಸಲ ಬಂದಿದೆ. ನಾನು ಡಾಕ್ಟರ್ ಅಲ್ಲ. ಯಾವ ಔಷಧಿ ಎಷ್ಟು ಎಂದು ಇಲ್ಲಿ ಎಲ್ಲೂ ಹೇಳುವುದಿಲ್ಲ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಡಾಕ್ಟರ್ ನೋಡುವುದು ಹದಿನೈದು ನಿಮಿಷ. ಮಿಕ್ಕ ಹೊತ್ತೆಲ್ಲ ನಾಯಿ ನಿಮ್ಮ ಕೈಯಲ್ಲೇ ಇರುತ್ತದೆ ಅಲ್ವಾ?

ಒಳಗೆ ಆಗಿರುವುದೇನು

ಬೆನ್ನುಮೂಳೆ ಅಂದರೆ ಸಾಲಾಗಿ ಜೋಡಿಸಿದ ಮಣಿಗಳು. ಎರಡು ಮಣಿಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇರುತ್ತದೆ, ಅದೇ ಡಿಸ್ಕ್. ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ಅದರ ಮೇಲೆಯೇ ಕೊಳವೆಯೊಳಗೆ ಬೆನ್ನುಹುರಿ ಹಾದುಹೋಗುತ್ತದೆ. ಮಿದುಳಿನ ಮಾತು ಕಾಲಿಗೆ, ಬಾಲಕ್ಕೆ, ಮೂತ್ರಕೋಶಕ್ಕೆ ತಲುಪುವುದು ಆ ಹುರಿಯ ಮೂಲಕ.

ಡ್ಯಾಶ್‌ಹೌಂಡ್‌ನ ಕಾಲು ಗಿಡ್ಡ ಮಾಡುವ ಜೀನ್‌ಗಳಲ್ಲೇ ಒಂದು, ಡಿಸ್ಕನ್ನೂ ಬೇಗ ಮುದಿ ಮಾಡುತ್ತದೆ. ನಾಯಿಗೆ ಒಂದೆರಡು ವರ್ಷ ತುಂಬುವಷ್ಟರಲ್ಲಿ ತಿರುಳು ಒಣಗಿ ಸುಣ್ಣದ ಹಾಗೆ ಗಟ್ಟಿಯಾಗಲು ಶುರುವಾಗಿರುತ್ತದೆ. ಆಮೇಲೆ ಒಂದು ದಿನ ಸೋಫಾದಿಂದ ಹಾರಿದಾಗಲೋ, ಏನೂ ಮಾಡದೆ ಸುಮ್ನೆ ಇದ್ದಾಗಲೋ ಉಂಗುರ ಹರಿದು ತಿರುಳು ಮೇಲಕ್ಕೆ ಚಿಮ್ಮಿ ಹುರಿಯನ್ನು ಒತ್ತುತ್ತದೆ. ಜಾಸ್ತಿ ಬರುವುದು 3ರಿಂದ 7 ವರ್ಷದೊಳಗೆ. ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲೇ ಹೆಚ್ಚು, ಕೆಲವಕ್ಕೆ ಕುತ್ತಿಗೆಯಲ್ಲಿ. ಡಾಕ್ಟರ್ ಚೀಟಿಯಲ್ಲಿ ಐವಿಡಿಡಿ ಎಂದು ಬರೆದಿದ್ದರೆ ಇದೇ ಕಾಯಿಲೆ. ಈ ತಳಿಯ ನಾಲ್ಕೈದು ನಾಯಿಗಳಲ್ಲಿ ಒಂದಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಬರುತ್ತದೆ. ಬೀಗಲ್, ಶಿಟ್ಜು ಸಾಕಿದವರಿಗೂ ಇಲ್ಲಿನ ಮಾತೆಲ್ಲ ಅನ್ವಯಿಸುತ್ತದೆ.

ಮತ್ತೆ ಯಾಕೆ ಬರುತ್ತದೆ ಅಂದರೆ, ವಾಸಿಯಾದದ್ದು ಒಂದು ಡಿಸ್ಕ್. ಅಕ್ಕಪಕ್ಕದವುಗಳಿಗೂ ಅಷ್ಟೇ ವಯಸ್ಸಾಗಿದೆ. ಇಲ್ಲವೇ ಮೊದಲ ಡಿಸ್ಕೇ ಪೂರ್ತಿ ಮಾಯದೆ ಇನ್ನಷ್ಟು ಸೋರಿರುತ್ತದೆ. ಈ ಎರಡನೆಯದನ್ನು ನಾವು ತಡೆಯಬಹುದು. ನೋವು ಹೋಗಲು ಎರಡು ದಿನ ಸಾಕು, ಹರಿದ ಉಂಗುರ ಕೂಡಿಕೊಳ್ಳಲು ವಾರಗಳು ಬೇಕು. ನೋವು ಹೋದ ದಿನ ನಾಯಿ ಹಾರುತ್ತದೆ. ಅಪಾಯ ಇರುವುದೇ ಆ ದಿನ.

1. ಬೇಗ ಗುರುತಿಸಿ

ಕಾಲು ಬೀಳುವ ಮೊದಲೇ ಸೂಚನೆ ಇರುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುವುದು, ಸುಮ್ಮನೆ ನಡುಗುವುದು, ಎತ್ತಿಕೊಂಡಾಗ ಕುಂಯ್ ಅನ್ನುವುದು, ದಿನಾ ಹತ್ತುತ್ತಿದ್ದ ಮೆಟ್ಟಿಲ ಮುಂದೆ ನಿಂತು ಮುಖ ನೋಡುವುದು, ಮೂಲೆ ಹಿಡಿದು ಮಲಗುವುದು. ಕುತ್ತಿಗೆಯಲ್ಲಿ ಬಂದಿದ್ದರೆ ತಲೆ ತಗ್ಗಿಸಿಕೊಂಡೇ ಇರುತ್ತದೆ, ಕರೆದರೆ ತಲೆ ಎತ್ತದೆ ಕಣ್ಣು ಮಾತ್ರ ಮೇಲೆತ್ತಿ ನೋಡುತ್ತದೆ.

ನಮಗೆ ಎರಡನೇ ಸಲ ಮೊದಲು ಗೊತ್ತಾಗಿದ್ದು ಕಿವಿಗೆ. ಚಿನ್ನಿ ಅಡುಗೆಮನೆಗೆ ಬರುವಾಗ ನಾಲ್ಕು ಕಾಲಿನ ಟಕ್ ಟಕ್ ಸದ್ದಿನ ನಡುವೆ ಹಿಂದಿನ ಬಲಗಾಲಿನ ಉಗುರು ನೆಲಕ್ಕೆ ಸರ್ ಅಂತ ಉಜ್ಜುತ್ತಿತ್ತು. ಬಗ್ಗಿ ನೋಡಿದರೆ ಆ ಕಾಲಿನ ನಡುವಿನ ಎರಡು ಉಗುರು ಮೇಲಿನಿಂದ ಸವೆದು ಮೊಂಡಾಗಿದ್ದವು.

ಇಲ್ಲಿ ಜನ ತಪ್ಪುವುದು ಎಲ್ಲಿ ಗೊತ್ತಾ? ಬೆನ್ನುನೋವಿಗೆ ನಾಯಿ ಹೊಟ್ಟೆ ಬಿಗಿ ಹಿಡಿಯುತ್ತದೆ, ಊಟ ಬಿಡುತ್ತದೆ. ನಾವು ಗ್ಯಾಸ್ ಎಂದುಕೊಂಡು ಎರಡು ದಿನ ಕಳೆಯುತ್ತೇವೆ.

2. ಎಷ್ಟು ಕೆಟ್ಟಿದೆ ನೋಡಿ

ಡಾಕ್ಟರ್‌ಗಳು ಇದನ್ನು ಐದು ಹಂತ ಮಾಡುತ್ತಾರೆ. ಒಂದು, ಬರೀ ನೋವು. ಎರಡು, ನಡೆಯುತ್ತದೆ ಆದರೆ ಕುಡಿದವರ ಹಾಗೆ ಹಿಂಭಾಗ ತೂರಾಡುತ್ತದೆ. ಮೂರು, ಎದ್ದು ನಡೆಯಲಾಗದು, ಕಾಲು ಮಾತ್ರ ಆಡಿಸುತ್ತದೆ. ನಾಲ್ಕು, ಕಾಲು ಆಡುವುದೇ ಇಲ್ಲ, ಆದರೆ ಬೆರಳು ಜೋರಾಗಿ ಚಿವುಟಿದರೆ ನೋವು ಗೊತ್ತಾಗುತ್ತದೆ. ಐದು, ಆ ನೋವೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ. ಹೊಟ್ಟೆಯ ಕೆಳಗೆ ಕೈ ಕೊಟ್ಟು ನಾಯಿಯನ್ನು ನಿಲ್ಲಿಸಿ, ಹಿಂಗಾಲಿನ ಪಾದವನ್ನು ಮೆಲ್ಲಗೆ ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ತಕ್ಷಣ ತಿರುಗಿಸಿ ನೆಟ್ಟಗೆ ಊರುತ್ತದೆ. ಹಾಗೇ ಬಿಟ್ಟರೆ, ಅಥವಾ ನಿಧಾನ ಮಾಡಿದರೆ, ಹುರಿಗೆ ಪೆಟ್ಟಾಗಿದೆ ಎಂದು ತಿಳಿಯಿರಿ. ಒಂದೇ ಸಲ ನೋಡಿ, ಬಂದವರಿಗೆಲ್ಲ ಮಾಡಿ ತೋರಿಸಬೇಡಿ.

ಚಿವುಟುವ ಪರೀಕ್ಷೆಯನ್ನು ಡಾಕ್ಟರಿಗೇ ಬಿಡಿ. ಚಿವುಟಿದಾಗ ಕಾಲು ಹಿಂದಕ್ಕೆ ಸೆಳೆದುಕೊಂಡರೆ ನೋವು ಗೊತ್ತಾಯಿತು ಅಂತ ಅಲ್ಲ. ಹುರಿ ಪೂರ್ತಿ ಕೆಟ್ಟಿದ್ದರೂ ಕಾಲು ತಾನಾಗಿ ಸೆಳೆದುಕೊಳ್ಳುತ್ತದೆ. ನಾಯಿ ತಿರುಗಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು. ಇದು ಗೊತ್ತಿಲ್ಲದೆ "ಕಾಲು ಎಳೆದುಕೊಳ್ತಿದೆ, ಇನ್ನೂ ಜೀವ ಇದೆ" ಎಂದು ಮೂರು ದಿನ ಕಾದವರಿದ್ದಾರೆ.

ಒಂದು ಅಥವಾ ಎರಡನೇ ಹಂತವಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮೂರನೇ ಹಂತ ಅಥವಾ ಅದರ ಮೇಲಾದರೆ ರಾತ್ರಿಯಾದರೂ ಫೋನ್ ಮಾಡಿ. ಕಾಲು ಪೂರ್ತಿ ಬಿದ್ದಿದ್ದರೆ ಗಂಟೆಗಳ ಲೆಕ್ಕ. ನೋವಿನ ಅರಿವು ಇದ್ದಾಗಲೇ ಆಪರೇಷನ್ ಆದರೆ ಹತ್ತರಲ್ಲಿ ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅದು ಹೋದಮೇಲೆ ಆದರೆ ಅರ್ಧದಷ್ಟೋ, ಅದಕ್ಕಿಂತ ಸ್ವಲ್ಪ ಹೆಚ್ಚೋ.

3. ಮೊದಲ ಗಂಟೆ

ನಾಯಿಯನ್ನು ನಡೆಸಿ ನೋಡಬೇಡಿ. ಚಿಕ್ಕ ಜಾಗದಲ್ಲಿ, ಹಳೇ ರಟ್ಟಿನ ಡಬ್ಬದಲ್ಲಾದರೂ ಸರಿ, ಮಲಗಿಸಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿರಬೇಕು. ತುಂಬಿದ ಹಾಲಿನ ಪಾತ್ರೆ ಎತ್ತುತ್ತೀರಲ್ಲ, ಹಾಗೆ. ಕಂಕುಳಲ್ಲಿ ಕೈ ಹಾಕಿ ಮಗುವಿನ ಹಾಗೆ ಎತ್ತಿದರೆ ಹಿಂಭಾಗ ಜೋತುಬಿದ್ದು ಪೆಟ್ಟು ಇನ್ನೂ ಹೆಚ್ಚಾಗುತ್ತದೆ. ನೋವಿನಲ್ಲಿ ಸಾಕಿದವರನ್ನೂ ಕಚ್ಚಬಹುದು, ಮಕ್ಕಳನ್ನು ದೂರ ಇಡಿ.

ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಅಪ್ಪನ ಮಂಡಿನೋವಿನ ಡೈಕ್ಲೋಫೆನಾಕ್, ಜ್ವರದ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಯಾವುದೂ ಬೇಡ. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಕಿಡ್ನಿ ಅಥವಾ ಲಿವರ್ ಕೆಡುತ್ತದೆ. ನೋವಿನ ಮುಲಾಮು ಹಚ್ಚಿದರೆ ನೆಕ್ಕುತ್ತದೆ, ಅದರಲ್ಲಿರುವ ಕರ್ಪೂರ ಅದಕ್ಕೆ ವಿಷ. ಎಣ್ಣೆ ಹಾಕಿ ನೀವುವವರು, ಬೆನ್ನಿಗೆ ಬರೆ ಹಾಕುವವರು ನಮ್ಮ ಕಡೆ ಇನ್ನೂ ಇದ್ದಾರೆ. ಮನುಷ್ಯರ ಉಳುಕು ತೆಗೆದ ಕೈ ಎಷ್ಟೇ ಒಳ್ಳೆಯದಿರಲಿ, ಹರಿದ ಡಿಸ್ಕಿನ ಮೇಲೆ ಒತ್ತಿದರೆ ಉಳಿದ ತಿರುಳೂ ಹೊರಗೆ ಬರುತ್ತದೆ.

4. ಡಾಕ್ಟರ ಹತ್ತಿರ

ನಾಯಿ ತೂರಾಡುವುದನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಕೊಂಡಿದ್ದರೆ ಸಾಕು, ಅಲ್ಲಿ ಮತ್ತೆ ನಡೆಸುವುದು ಬೇಡ. ಹಳೆಯ ಚೀಟಿಗಳನ್ನು ತಪ್ಪದೆ ಒಯ್ಯಿರಿ, ಇದಕ್ಕೆ ಕಾರಣ ಇದೆ. ಊತ ಇಳಿಸಲು ಎರಡು ಜಾತಿಯ ಔಷಧಿ ಬಳಸುತ್ತಾರೆ. ಒಂದು ಸ್ಟೀರಾಯ್ಡ್, ಇನ್ನೊಂದು ಮೆಲಾಕ್ಸಿಕ್ಯಾಮ್ ತರಹದ ನೋವಿನ ಔಷಧಿ. ಎರಡೂ ಒಟ್ಟಿಗೆ, ಅಥವಾ ಬೆನ್ನುಬೆನ್ನಿಗೆ ಹೋದರೆ ಹೊಟ್ಟೆ, ಕರುಳಿನಲ್ಲಿ ಹುಣ್ಣಾಗುತ್ತದೆ. ಬೆಳಿಗ್ಗೆ ಒಬ್ಬರ ಹತ್ತಿರ ಇಂಜೆಕ್ಷನ್, ಸಂಜೆ ಇನ್ನೊಬ್ಬರ ಹತ್ತಿರ ಮಾತ್ರೆ, ಮೊದಲಿನದ್ದು ಏನೆಂದು ಹೇಳಲು ಚೀಟಿ ಇಲ್ಲ. ಅನಾಹುತ ಆಗುವುದೇ ಹೀಗೆ. ಕೊಟ್ಟ ಇಂಜೆಕ್ಷನ್ ಹೆಸರು ಬರೆಸಿಕೊಳ್ಳಿ, ಸಂಕೋಚ ಬೇಡ. ಆಮೇಲೆ ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಾದರೆ ಔಷಧಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ನರದ ನೋವಿಗೆ ಗ್ಯಾಬಾಪೆಂಟಿನ್ ಬರೆಯುತ್ತಾರೆ, ಅದು ತೂಕಡಿಕೆ ತರುತ್ತದೆ, ಹೆದರಬೇಡಿ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರೆ ಬೆನ್ನಲ್ಲಿ ಏನೂ ಇಲ್ಲ ಅಂತ ಅರ್ಥವಲ್ಲ. ಎಕ್ಸ್‌ರೇಗೆ ಮೂಳೆ ಕಾಣುತ್ತದೆ, ಹುರಿ ಕಾಣುವುದಿಲ್ಲ. ಯಾವ ಡಿಸ್ಕ್ ಎಲ್ಲಿ ಒತ್ತುತ್ತಿದೆ ಎಂದು ನೋಡಲು ಎಂಆರ್‌ಐ ಅಥವಾ ಸಿಟಿ ಬೇಕು. ಪ್ರಾಣಿಗಳಿಗೆ ಅದನ್ನು ಮಾಡುವ, ಬೆನ್ನಿನ ಆಪರೇಷನ್ನೂ ಮಾಡುವ ಆಸ್ಪತ್ರೆಗಳು ಬೆಂಗಳೂರಿನಲ್ಲಿವೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದ ಕಾಲೇಜಂತೂ ಎಲ್ಲರಿಗೂ ಗೊತ್ತು. ಎಲ್ಲಿಗೇ ಆಗಲಿ, ಹೊರಡುವ ಮೊದಲು ಫೋನ್ ಮಾಡಿ ಎರಡೇ ಮಾತು ಕೇಳಿ: ಇವತ್ತು ಸ್ಕ್ಯಾನ್ ಆಗುತ್ತದಾ, ಬೆನ್ನಿನ ಆಪರೇಷನ್ ಮಾಡುವವರು ಇದ್ದಾರಾ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200. ತೊಡೆಯ ಮೇಲೆ ಮಲಗಿಸಿಕೊಂಡು ಹೋಗಬೇಡಿ, ಒಂದು ಬ್ರೇಕ್ ಹಾಕಿದರೆ ಜಾರುತ್ತದೆ. ಪಂಜರದಲ್ಲೋ ಗಟ್ಟಿ ಡಬ್ಬದಲ್ಲೋ ಮಲಗಿಸಿ, ಸುತ್ತ ಬೆಡ್‌ಶೀಟ್ ತುರುಕಿ. ಹಿಂದಿನ ಸೀಟಿನ ಮುಂದಿನ ಕಾಲಿಡುವ ಸಂದಿಯನ್ನು ಬ್ಯಾಗಿನಿಂದ ತುಂಬಿ ಸಮ ಮಾಡಿ. ಹೈವೇಗಿಂತ ಊರೊಳಗಿನ ಹಂಪ್‌ಗಳೇ ನೋವು ಕೊಡುವುದು, ಡ್ರೈವರ್‌ಗೆ ಮೊದಲೇ ಹೇಳಿ.

5. ಪಂಜರ: ಕನಿಷ್ಠ ನಾಲ್ಕು ವಾರ

ಆಪರೇಷನ್ ಇಲ್ಲದೆ ವಾಸಿಯಾಗುವ ನಾಯಿಗಳು ವಾಸಿಯಾಗುವುದು ಇಲ್ಲೇ. ಒಂದು ಎರಡನೇ ಹಂತದ ನಾಯಿಗಳಲ್ಲಿ ಹೆಚ್ಚಿನವು ಔಷಧಿ ಮತ್ತು ವಿಶ್ರಾಂತಿಯಿಂದಲೇ ಚೇತರಿಸಿಕೊಳ್ಳುತ್ತವೆ. ಆದರೆ ವಿಶ್ರಾಂತಿ ಅಂದರೆ "ಹೊರಗೆ ಬಿಡ್ತಿಲ್ಲ, ಮನೆಯೊಳಗೇ ಓಡಾಡಿಕೊಂಡಿದೆ" ಅಂತಲ್ಲ. ರೂಮಿನಲ್ಲಿ ಕೂಡುವುದೂ ಅಲ್ಲ. ಪಂಜರ. ಊಟ, ನಿದ್ದೆ ಎಲ್ಲ ಅಲ್ಲೇ, ಉಚ್ಚೆಗೆ ಮಾತ್ರ ಎತ್ತಿಕೊಂಡು ಹೊರಗೆ. ಕನಿಷ್ಠ ನಾಲ್ಕು ವಾರ, ನಿಮ್ಮ ಡಾಕ್ಟರ್ ಆರು ಅಂದರೆ ಆರು.

ನಾಯಿ ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ ಜಾಗ. ಸಾಮಾನ್ಯ ಡ್ಯಾಶ್‌ಗೆ ಮೂರು ಅಡಿ ಉದ್ದ, ಎರಡು ಅಡಿ ಅಗಲ ಸಾಕು. ಅಂಗಡಿಯ ಪಂಜರ ದುಬಾರಿ ಅನಿಸಿದರೆ ವೆಲ್ಡಿಂಗ್ ಅಂಗಡಿಯಲ್ಲಿ ಜಾಲರಿ ಹಾಕಿಸಿ ಮಾಡಿಸಿ. ಮೇಲೆ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ಮುಂಗಾಲು ಮೇಲಿಟ್ಟು ನಿಲ್ಲುತ್ತದೆ. ಬಾಗಿಲು ಪಕ್ಕದಲ್ಲಿರಲಿ, ಮೇಲಿಂದ ಎತ್ತುವಂತಿರಬಾರದು. ತಳಕ್ಕೆ ಗಟ್ಟಿ ಫೋಮ್, ಅದಕ್ಕೆ ರೆಕ್ಸಿನ್ ಹೊದಿಕೆ, ಮೇಲೆ ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ. ಮೆತ್ತನೆ ಹತ್ತಿ ಹಾಸಿಗೆ ಬೇಡ, ಕಾಲು ಹೂತುಹೋಗುತ್ತದೆ.

ಎಲ್ಲಿಡಬೇಕು? ಮನೆಯವರು ಕಾಣುವ ಜಾಗದಲ್ಲಿ, ಆದರೆ ಮುಂಬಾಗಿಲಿಗೆ ಎದುರಾಗಿ ಬೇಡ. ಹಾಲಿನವರು ಬಂದರು, ಬೀದಿನಾಯಿ ಬೊಗಳಿತು ಅಂತ ಪ್ರತಿಸಲ ಎದ್ದು ನೆಗೆಯುತ್ತದೆ. ಮಾರ್ಚ್‌ನಿಂದ ಮೇ ತನಕ ನಮ್ಮಲ್ಲಿ ಸೆಕೆ ಹೇಗಿರುತ್ತದೆ ನಿಮಗೆ ಗೊತ್ತು, ಪಂಜರದ ನಾಯಿ ತಾನಾಗಿ ಎದ್ದು ತಂಪಿಗೆ ಹೋಗಲಾರದು. ಫ್ಯಾನ್ ಗಾಳಿ ತಾಗಬೇಕು, ಕರೆಂಟ್ ಹೋದಾಗ ಒದ್ದೆ ಬಟ್ಟೆ ಪಾದಕ್ಕೆ, ಹೊಟ್ಟೆಗೆ ಸವರಿ.

ಇನ್ನೊಂದು, ಇರುವೆ. ಉಚ್ಚೆಯ ಒದ್ದೆಗೂ ಚೆಲ್ಲಿದ ಅನ್ನಕ್ಕೂ ರಾತ್ರಿ ಸಾಲು ಹಿಡಿಯುತ್ತವೆ. ಹಿಂಭಾಗದ ಸ್ಪರ್ಶ ಹೋದ ನಾಯಿಗೆ ಕಚ್ಚಿದ್ದೇ ತಿಳಿಯುವುದಿಲ್ಲ. ಮಲಗುವ ಮುನ್ನ ಟಾರ್ಚ್ ಹಾಕಿ ತೊಡೆಸಂದಿ ನೋಡಿ. ಇರುವೆ ಪುಡಿ, ಚಾಕ್ ಪಂಜರದ ಹತ್ತಿರ ಬೇಡ. ಪಂಜರಕ್ಕೆ ನಾಲ್ಕು ಗಿಡ್ಡ ಕಾಲು ಹಾಕಿಸಿ, ಹಿಂದೆ ಅಡುಗೆಮನೆ ಕಪಾಟಿಗೆ ಮಾಡುತ್ತಿದ್ದ ಹಾಗೆ ಕಾಲಿನ ಕೆಳಗೆ ನೀರಿನ ಬಟ್ಟಲಿಡಿ.

ಎರಡನೇ ವಾರ ನಾಯಿ ಅಳುತ್ತದೆ. ನೋವಿಲ್ಲ, ಯಾಕೆ ಕೂಡಿಹಾಕಿದ್ದಾರೆ ಎಂದು ಅದಕ್ಕೆ ಅರ್ಥವಾಗುವುದಿಲ್ಲ. ಅಜ್ಜಿ "ಪಾಪ, ಒಂದ್ ಸ್ವಲ್ಪ ಬಿಡ್ರೋ" ಅನ್ನುತ್ತಾರೆ. ಮೊದಲ ಸಲ ನಾನು ಹನ್ನೊಂದನೇ ದಿನ ಬಿಟ್ಟೆ. ಅದು ಸೋಫಾ ಹತ್ತಿ ಇಳಿಯಿತು, ಮರುದಿನ ಹಿಂಗಾಲು ಎರಡೂ ಬಿದ್ದುಹೋಗಿದ್ದವು. ಬಿಡಬೇಡಿ. ಪಂಜರದ ಪಕ್ಕ ನೆಲದ ಮೇಲೆ ಕೂತು ಕೈಯಿಂದ ಊಟ ಮಾಡಿಸಿ, ಕ್ಯಾರೆಟ್ ತುಂಡು ಹಳೇ ಟವೆಲಿನಲ್ಲಿ ಸುತ್ತಿ ಹುಡುಕಲು ಕೊಡಿ. ತೀರಾ ಚಡಪಡಿಸಿದರೆ ಶಾಂತವಾಗಿಸುವ ಮಾತ್ರೆ ಇದೆ, ಡಾಕ್ಟರನ್ನು ಕೇಳಿ. ದೀಪಾವಳಿ ಈ ನಾಲ್ಕು ವಾರದೊಳಗೆ ಬಂದರೆ ಮೊದಲೇ ಕೇಳಿಟ್ಟುಕೊಳ್ಳಿ.

6. ಉಚ್ಚೆ

ಕಾಲು ಬಿದ್ದ ನಾಯಿಗೆ ಮೂತ್ರಕೋಶವೂ ಕೆಲಸ ನಿಲ್ಲಿಸಿರಬಹುದು. ಜನ ಮೋಸ ಹೋಗುವುದು ಇಲ್ಲಿ: ಹಾಸಿಗೆ ಒದ್ದೆಯಿದೆ, ಹಾಗಾದರೆ ಉಚ್ಚೆ ಹೋಗುತ್ತಿದೆ ಎಂದುಕೊಳ್ಳುತ್ತಾರೆ. ಅದು ತುಂಬಿ ಹೊರಚೆಲ್ಲಿದ್ದು. ಒಳಗೆ ಹಾಗೇ ನಿಂತ ಮೂತ್ರದಿಂದ ಸೋಂಕು ಬರುತ್ತದೆ, ಮೂತ್ರಕೋಶದ ಸ್ನಾಯು ಹಿಗ್ಗಿ ಶಾಶ್ವತವಾಗಿ ಸಡಿಲವಾಗುತ್ತದೆ.

ಕೈಯಿಂದ ಒತ್ತಿ ತೆಗೆಯುವುದನ್ನು ಡಾಕ್ಟರ ಮುಂದೆಯೇ, ನಿಮ್ಮ ಕೈಯಿಂದಲೇ ಮಾಡಿ ಕಲಿಯಿರಿ. ನೋಡಿ ಬಂದರೆ ಸಾಲದು. ಹಿಂಗಾಲಿನ ಮುಂದೆ ಹೊಟ್ಟೆಯ ಎರಡೂ ಬದಿಗೆ ಅಂಗೈ ಇಟ್ಟು ಹುಡುಕಿದರೆ ನೀರು ತುಂಬಿದ ಬಲೂನಿನಂತೆ, ಮೂಸಂಬಿ ಗಾತ್ರಕ್ಕೆ ಕೈಗೆ ಸಿಗುತ್ತದೆ. ಬೆರಳ ತುದಿಯಿಂದ ಚುಚ್ಚದೆ, ಅಂಗೈಯಿಂದ ಮೆಲ್ಲಗೆ, ಒಂದೇ ಸಮನಾಗಿ ಒತ್ತಿ ಬಾಲದ ಕಡೆಗೆ ತನ್ನಿ. ಧಾರೆ ಬರುತ್ತದೆ. ನಿಂತಮೇಲೆ ಕೈ ಸಡಿಲಿಸಿ ಮತ್ತೆ ಒಮ್ಮೆ ನೋಡಿ. ದಿನಕ್ಕೆ ಮೂರು ನಾಲ್ಕು ಸಲ, ರಾತ್ರಿ ಮಲಗುವ ಮುನ್ನ ಒಮ್ಮೆ ಇರಲೇಬೇಕು. ಗಟ್ಟಿಯಾಗಿದೆ, ಒತ್ತಿದರೂ ಬರುತ್ತಿಲ್ಲ ಅಂದರೆ ಬಲ ಹಾಕಬೇಡಿ. ದ್ವಾರ ಸಡಿಲಿಸುವ ಔಷಧಿ ಇದೆ, ಟ್ಯೂಬ್ ಹಾಕಿಯೂ ತೆಗೆಯುತ್ತಾರೆ. ಕಟು ವಾಸನೆ, ರಕ್ತ, ಮಬ್ಬು ಬಣ್ಣ ಕಂಡರೆ ಮೂತ್ರ ಪರೀಕ್ಷೆ ಮಾಡಿಸಿ.

ಮಲ ತಾನಾಗಿ ಬರುತ್ತದೆ, ಅಷ್ಟು ತಲೆಬಿಸಿ ಇಲ್ಲ. ಗಟ್ಟಿಯಾದರೆ ಬೇಯಿಸಿದ ಸಿಹಿಗುಂಬಳ ಎರಡು ಚಮಚ ಊಟಕ್ಕೆ ಕಲಸಿ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ. ಮೊದಲು ಕೂದಲು ಉದುರಿ ಚರ್ಮ ಕೆಂಪಾಗುತ್ತದೆ, ಆಗಲೇ ಹಿಡಿಯಿರಿ.

ಎಚ್ಚರ: ನೋವಿನ ಅರಿವೇ ಹೋದ ನಾಯಿಗಳಲ್ಲಿ ಕೆಲವಕ್ಕೆ ಮೊದಲ ಕೆಲವು ದಿನಗಳಲ್ಲಿ ಬೆನ್ನುಹುರಿ ಕೊಳೆಯುತ್ತಾ ಮುಂದಕ್ಕೆ ಹೋಗುತ್ತದೆ. ಹೊಟ್ಟೆ ಜೋಲುವುದು, ಮುಂಗಾಲೂ ಸೋಲುವುದು, ಉಸಿರಾಟ ಕಷ್ಟವಾಗುವುದು ಅದರ ಲಕ್ಷಣ. ಇದಕ್ಕೆ ಚಿಕಿತ್ಸೆ ಇಲ್ಲ. ಆಗ ನಾಯಿ ನರಳದಂತೆ ಮಾಡುವುದು ಹೇಗೆಂದು ಡಾಕ್ಟರ ಜೊತೆ ಕೂತು ಮಾತಾಡಬೇಕಾಗುತ್ತದೆ. ಬರೆಯಲು ಕಷ್ಟವಾದರೂ ನಿಮಗೆ ಗೊತ್ತಿರಬೇಕು.

7. ಮತ್ತೆ ನಡಿಗೆ

ಪಂಜರದ ಅವಧಿಯಲ್ಲೇ, ಡಾಕ್ಟರ್ ಒಪ್ಪಿದ ಮೇಲೆ, ಮಲಗಿಸಿದ ಹಾಗೇ ಹಿಂಗಾಲನ್ನು ಸೈಕಲ್ ತುಳಿಯುವಂತೆ ನಿಧಾನ ಮಡಚಿ ಚಾಚಿಸಿ. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಕೂಗಿದರೆ ನಿಲ್ಲಿಸಿ. ಅವಧಿ ಮುಗಿದ ದಿನ ಬಾಗಿಲು ತೆರೆದು ಬಿಟ್ಟುಬಿಡುವುದಲ್ಲ. ಹಾರ್ನೆಸ್, ಅಂದರೆ ಎದೆಗೆ ಹಾಕುವ ಪಟ್ಟಿ, ಹಾಕಿ ಐದು ನಿಮಿಷ ನಡೆಸಿ, ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಹಿಂಭಾಗ ಹಿಡಿದುಕೊಳ್ಳಿ. ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ. ಕತ್ತಿನ ಬೆಲ್ಟ್ ಇನ್ನು ಯಾವತ್ತೂ ಬೇಡ.

ನೀವು ಮನೆಗೆ ಬಂದು ಹೆಸರು ಕರೆದಾಗ ಬಾಲ ಅಲ್ಲಾಡಿತಾ? ದನಿ ಕೇಳಿ ಬಾಲ ಅಲ್ಲಾಡಿದರೆ ಮಿದುಳಿನ ಮಾತು ಹಿಂದಕ್ಕೆ ತಲುಪುತ್ತಿದೆ. ಡೈರಿಯಲ್ಲಿ ದಿನಾಂಕ ಬರೆದಿಡಿ.

ಕೆಲವು ನಾಯಿ ನಡೆಯುವುದೇ ಇಲ್ಲ. ಹಿಂದೆ ಎರಡು ಚಕ್ರದ ಗಾಡಿ ಕಟ್ಟಿಕೊಂಡು ಖುಷಿಯಾಗಿ ಓಡಾಡುವ ಡ್ಯಾಶ್‌ಗಳಿವೆ. ಉಚ್ಚೆ ತೆಗೆಯುವ ಕೆಲಸ ದಿನವೂ ಇರುತ್ತದೆ, ಅದಕ್ಕೆ ಮನೆಯಲ್ಲಿ ಇಬ್ಬರಾದರೂ ತಯಾರಿರಬೇಕು.

8. ಮನೆ ಮತ್ತು ತೂಕ

ನಮ್ಮ ಮನೆಗಳ ನುಣುಪು ಗ್ರಾನೈಟ್, ಟೈಲ್ಸ್ ಈ ನಾಯಿಗೆ ಮಂಜುಗಡ್ಡೆಯಿದ್ದ ಹಾಗೆ. ಓಡಾಡುವ ದಾರಿಗಷ್ಟೇ ರಬ್ಬರ್ ಮ್ಯಾಟ್ ಅಥವಾ ಯೋಗ ಮ್ಯಾಟ್ ಹಾಸಿ. ಚಳ್ಳಕೆರೆ ಕಂಬಳಿ ಬೆಚ್ಚಗಿರುತ್ತದೆ, ಆದರೆ ಟೈಲ್ಸ್ ಮೇಲೆ ಅದೇ ಜಾರುತ್ತದೆ, ಕೆಳಗೆ ರಬ್ಬರ್ ಜಾಲರಿ ಹಾಕಿ. ಸೋಫಾ, ಮಂಚದ ಮುಂದೆ ಇಳಿಜಾರು ಹಲಗೆ ಇಡಿ, ಮೇಲೆ ಗೋಣಿಚೀಲ ಹೊಡೆಸಿ. ಮಹಡಿ ಮೆಟ್ಟಿಲಿಗೆ ಗೇಟು. ಪಂಜದ ನಡುವಿನ ಕೂದಲು, ಉಗುರು ಕತ್ತರಿಸುತ್ತಿರಿ.

ತೂಕದ ಲೆಕ್ಕ ಸುಲಭ: ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಮೇಲಿಂದ ನೋಡಿದರೆ ಸೊಂಟ ಒಳಗೆ ಹೋಗಿರಬೇಕು. ಪಂಜರದಲ್ಲಿರುವಾಗ ಊಟ ಸ್ವಲ್ಪ ಕಡಿಮೆ ಮಾಡಿ. ಬೆಣ್ಣೆ ದೋಸೆಯ ತುಂಡು ಬೇಡ, ಖಾರ ಮಂಡಕ್ಕಿಯಂತೂ ಬೇಡವೇ ಬೇಡ, ಅದರ ಈರುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತದೆ. ಸೌತೆಕಾಯಿ, ಬೀನ್ಸ್ ಕೊಡಿ. ಹೊಸ ಮರಿ ತಂದವರು ಸಂತಾನಹರಣದ ಆಪರೇಷನ್‌ಗೆ ಅವಸರ ಮಾಡಬೇಡಿ. ಈ ತಳಿಯಲ್ಲಿ ವರ್ಷ ತುಂಬುವ ಮೊದಲೇ ಮಾಡಿಸಿದವುಗಳಿಗೆ ಡಿಸ್ಕ್ ತೊಂದರೆ ಹೆಚ್ಚು ಕಂಡಿದೆ.

9. ಮುಂದಿನ ಸಲಕ್ಕೆ ಈಗಲೇ ತಯಾರಿ

ಔಷಧಿ, ಪಂಜರದಿಂದ ವಾಸಿಯಾದ ನಾಯಿಗಳಲ್ಲಿ ಮೂರರಲ್ಲಿ ಒಂದಕ್ಕಾದರೂ ಮತ್ತೆ ಬರುತ್ತದೆ, ಕೆಲವರ ಲೆಕ್ಕದಲ್ಲಿ ಎರಡರಲ್ಲಿ ಒಂದಕ್ಕೆ. ಹಾಗಾಗಿ ಪಂಜರವನ್ನು ಗುಜರಿಗೆ ಹಾಕಬೇಡಿ. ನಾಯಿ ದಿನಾ ರಾತ್ರಿ ಅದರಲ್ಲೇ ಮಲಗಲಿ, ಆಗ ಮುಂದಿನ ಸಲ ಅದು ಜೈಲು ಅನಿಸುವುದಿಲ್ಲ. ಮತ್ತೆ ಮತ್ತೆ ಬಂದರೆ, ಪ್ರತಿಸಲ ಹಿಂದಿಗಿಂತ ಜೋರಾದರೆ, ನಡೆಯುತ್ತಿರುವಾಗಲೇ ಸ್ಕ್ಯಾನ್ ಮತ್ತು ಆಪರೇಷನ್ ಬಗ್ಗೆ ಕೇಳಿ. ಆಪರೇಷನ್ ಮಾಡುವಾಗಲೇ ಅಕ್ಕಪಕ್ಕದ ಡಿಸ್ಕುಗಳ ತಿರುಳನ್ನೂ ತೆಗೆದುಬಿಡುವ ಕ್ರಮವಿದೆ, ಅದರಿಂದ ಆ ಡಿಸ್ಕುಗಳು ಮುಂದೆ ಒಡೆಯುವುದು ಕಡಿಮೆಯಾಗುತ್ತದೆ. ಖರ್ಚು ದೊಡ್ಡದು. ಎಷ್ಟು ಎಂದು ಈಗಲೇ ವಿಚಾರಿಸಿ, ತಿಂಗಳಿಗಿಷ್ಟು ಎತ್ತಿಡಿ. ರಾತ್ರಿ ಎರಡು ಗಂಟೆಗೆ ಆ ಮಾತು ಮನೆಯಲ್ಲಿ ಶುರುವಾಗಬಾರದು.

ಒಂದು ಚೀಲದಲ್ಲಿ ಚೀಟಿಗಳ ಫೈಲ್, ಔಷಧಿ ಬರೆದ ಡೈರಿ, ಎರಡು ಟವೆಲ್, ರೆಕ್ಸಿನ್ ಹಾಳೆ ಇರಲಿ. ಡಾಕ್ಟರ್ ನಂಬರ್, ಬೆಂಗಳೂರಿನ ಆಸ್ಪತ್ರೆಯ ನಂಬರ್ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ, ನೀವು ಊರಲ್ಲಿಲ್ಲದಾಗಲೂ ಮನೆಯವರಿಗೆ ಸಿಗಬೇಕು. ರಾತ್ರಿ ಹೊತ್ತು ಬರಲು ಒಪ್ಪುವ ಒಬ್ಬ ಕಾರಿನ ಡ್ರೈವರ್ ನಂಬರನ್ನೂ ಕೇಳಿ ಅದರ ಕೆಳಗೇ ಬರೆಯಿರಿ, ಜೊತೆಗೆ ನಾಯಿ ಇರುತ್ತದೆ ಅಂತ ಅವರಿಗೆ ಮೊದಲೇ ಹೇಳಿಬಿಡಿ.